ಸಂಚಾರಿ ಕ್ರೈಸ್ತ ಬೋಧಕರು

ಒಂದೇ ಊರಿನ ಚರ್ಚಿಗೆ ಕಟ್ಟುಬೀಳದೆ, ನಡೆದೋ ಸವಾರಿ ಮಾಡಿಯೋ ಊರೂರು ತಿರುಗಿ ಯೇಸುವಿನ ಸುವಾರ್ತೆ ಸಾರಿದವರಿಗೆ ಈ ಹೆಸರು. ಸಭೆಯ ಪಾದ್ರಿಗೆ ಮನೆ, ಹಿತ್ತಿಲು, ದೀಕ್ಷಾಸ್ನಾನ ಮದುವೆಗಳ ದಾಖಲೆ ಪುಸ್ತಕ, ಕೊನೆಗೆ ಮಣ್ಣಾಗುವ ಜಾಗವೂ ಗೊತ್ತಿರುತ್ತದೆ. ಸಂಚಾರಿಗೆ ಆ ರಾತ್ರಿ ಯಾರ ಮನೆಯ ಬಾಗಿಲು ತೆರೆದೀತು ಎಂಬುದೇ ಗೊತ್ತಿರದು. ಜಂಗಮರನ್ನೂ ಹರಿದಾಸರನ್ನೂ ಜೋಗಿಗಳನ್ನೂ ಕಂಡ ಕನ್ನಡಿಗರಿಗೆ ಇಂಥ ಬಾಳು ಹೊಸದಲ್ಲ. ವ್ಯತ್ಯಾಸ ಒಂದಿದೆ. ಭಿಕ್ಷೆಗೆ ಹೊರಟ ಜಂಗಮ ಯಾರಿಗೂ ವರದಿ ಒಪ್ಪಿಸಬೇಕಿರಲಿಲ್ಲ. 19ನೇ ಶತಮಾನದ ಮಿಷನರಿ ಎಷ್ಟು ಹಳ್ಳಿ ಸುತ್ತಿದೆ, ಯಾರು ಕೇಳಿದರು, ಖರ್ಚೆಷ್ಟು ಬಿತ್ತು ಎಂದು ಕಡಲಾಚೆಯ ಸಮಿತಿಗೆ ಬರೆಯಲೇಬೇಕಿತ್ತು. ಅವನ ಬಾಳು ನಮಗೆ ಇಷ್ಟು ವಿವರವಾಗಿ ತಿಳಿದಿರುವುದು ಆ ಬರಹಗಳಿಂದ.

ಈ ಇತಿಹಾಸವನ್ನು ಮತಾಂತರದ ಲೆಕ್ಕವಾಗಿ ಬರೆಯುವುದೇ ರೂಢಿ. ಬೋಧಕನಿಗೆ ಅನ್ನ ಇಕ್ಕಿದವರು ಯಾರು, ಅವನು ಯಾವ ಮಾತಿನಲ್ಲಿ ಬೋಧಿಸಿದ ಎಂಬ ಎರಡು ಪ್ರಶ್ನೆ ಹಿಡಿದು ಹೊರಟರೆ ವಿಷಯ ಇನ್ನೂ ತಿಳಿಯಾಗುತ್ತದೆ.

ಆರಂಭಕಾಲ

ಯೇಸು ತನ್ನ ಹನ್ನೆರಡು ಶಿಷ್ಯರನ್ನು ಊರುಗಳಿಗೆ ಕಳಿಸುವಾಗ ಏನೇನು ಕೊಂಡೊಯ್ಯಬಾರದೆಂದು ಹೇಳಿದ ಪಟ್ಟಿ ಸುವಾರ್ತೆಗಳಲ್ಲಿದೆ. ಜೋಳಿಗೆ, ಹಣ ಬೇಡವೆಂಬುದರಲ್ಲಿ ಒಮ್ಮತ. ಆದರೆ ಮಾರ್ಕನ ಸುವಾರ್ತೆಯಲ್ಲಿ ಕೋಲಿಗೂ ಮೆಟ್ಟಿಗೂ ಅನುಮತಿ ಉಂಟು, ಮತ್ತಾಯನ ಸುವಾರ್ತೆಯಲ್ಲಿ ಎರಡೂ ಇಲ್ಲ. ಈ ಸಣ್ಣ ಭೇದ ಮುಂದೆ ದೊಡ್ಡ ಪರಿಣಾಮಕ್ಕೆ ಕಾರಣವಾಯಿತು.

ಮೊದಲ ಶತಮಾನದ ಸಂಚಾರಿಗಳಲ್ಲಿ ಪೌಲನದು ದೊಡ್ಡ ಹೆಸರು. ಸಿರಿಯದಿಂದ ಏಷ್ಯಾ ಮೈನರ್, ಗ್ರೀಸ್ ದಾಟಿ ರೋಮಿನವರೆಗೆ ತಿರುಗಿದ ಅವನ ಕೈಯಲ್ಲಿ ಡೇರೆ ಹೊಲಿಯುವ ಕಸುಬಿತ್ತು. ಕೊರಿಂಥದಲ್ಲಿ ಅದೇ ಕಸುಬಿನ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ ಇಳಿದುಕೊಂಡು ದುಡಿದ. ಕೇಳುಗರ ಅನ್ನದ ಋಣಕ್ಕೆ ಬೀಳದಂತೆ ಹಗಲಿರುಳು ಕೆಲಸ ಮಾಡಿದ್ದನ್ನು ತನ್ನ ಪತ್ರಗಳಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡಿದ್ದಾನೆ. ಮೂರು ಬಾರಿ ಹಡಗು ಒಡೆದುದು, ಮೂರು ಬಾರಿ ಕೋಲಿನೇಟು, ಒಮ್ಮೆ ಕಲ್ಲೇಟು ತಿಂದುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿದೆ.

ಎಲ್ಲರೂ ಪೌಲನಂತೆ ದುಡಿದು ತಿನ್ನುವವರಾಗಿರಲಿಲ್ಲ. ಬೋಧಕನ ವೇಷದಲ್ಲಿ ಬಿಟ್ಟಿ ಊಟ ಹುಡುಕಿ ಬರುವವರೂ ಇದ್ದರು ಎಂಬುದಕ್ಕೆ 'ಡಿಡಾಖೆ' ಎಂಬ ಪುಟ್ಟ ಗ್ರಂಥ ಸಾಕ್ಷಿ. ಮೊದಲ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ಇದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಅದರ ಕಟ್ಟಳೆ ನಮ್ಮ ಅಜ್ಜಿಯಂದಿರಿಗೂ ಒಪ್ಪಿಗೆಯಾಗುವಂಥದ್ದು: ಬಂದವನನ್ನು ಆದರದಿಂದ ಕಾಣಿ, ಒಂದು ದಿನ ಇರಲಿ, ತೀರಾ ಬೇಕಾದರೆ ಎರಡನೆಯ ದಿನವೂ ಇರಲಿ; ಮೂರನೆಯ ದಿನವೂ ಕೂತನೆಂದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ಬಿಡಾರಕ್ಕೆ ಸಾಲುವಷ್ಟು ರೊಟ್ಟಿ ಕೊಡಬಹುದು. ಹಣ ಕೇಳಿದನೋ, ಆಗಲೂ ಸುಳ್ಳು ಪ್ರವಾದಿಯೇ.

ಮಧ್ಯಯುಗ

ಸಭೆಗಳಿಗೆ ಬಿಷಪ್ಪರು ಬಂದು ನೆಲೆ ನಿಂತ ಮೇಲೆ ತಿರುಗಾಡುವವನ ಮೇಲೆ ಗುಮಾನಿ ಹೆಚ್ಚಿತು. 6ನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠದ ನಿಯಮಾವಳಿಯ ಮೊದಲ ಅಧ್ಯಾಯದಲ್ಲೇ, ಮೂರು ನಾಲ್ಕು ದಿನಕ್ಕೊಂದು ಮಠದಲ್ಲಿ ಅತಿಥಿಯಾಗಿ ಕಾಲ ಕಳೆಯುವ ಸನ್ಯಾಸಿಗಳನ್ನು ಅತ್ಯಂತ ಕೀಳು ಜಾತಿಯವರೆಂದು ಎಣಿಸಿದ. ಆದರೆ ಅದೇ ಕಾಲದ ಐರ್ಲೆಂಡಿನಲ್ಲಿ ತಾಯ್ನಾಡು ಬಿಟ್ಟು ಹೋಗುವುದೇ ದೊಡ್ಡ ತಪಸ್ಸು. ಕೊಲಂಬ 563ರಲ್ಲಿ ಸ್ಕಾಟ್‌ಲೆಂಡಿನ ಅಯೋನ ದ್ವೀಪಕ್ಕೆ ಹೋದ. ಕೊಲಂಬಾನುಸ್ ಫ್ರಾನ್ಸ್ ದಾಟಿ ಆಲ್ಪ್ಸ್ ಏರಿಳಿದು, 615ರಲ್ಲಿ ಇಟಲಿಯ ಬೊಬ್ಬಿಯೊದಲ್ಲಿ ತೀರಿಕೊಂಡ. ಜರ್ಮನ್ ನಾಡುಗಳಲ್ಲಿ ದಶಕಗಟ್ಟಲೆ ತಿರುಗಿದ ಬೊನಿಫೇಸನನ್ನು 754ರಲ್ಲಿ ಫ್ರಿಸಿಯದಲ್ಲಿ ಕೊಂದರು.

12ನೇ ಶತಮಾನದಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದ ವಾಲ್ಡೊ ಎಂಬ ಸಾಹುಕಾರ ಆಸ್ತಿ ಹಂಚಿ ಬೀದಿಗಿಳಿದ. ಜನರಾಡುವ ಮಾತಿಗೆ ಬೈಬಲಿನ ಭಾಗಗಳನ್ನು ಅನುವಾದ ಮಾಡಿಸಿ, ಅನುಯಾಯಿಗಳೊಡನೆ ಅಪ್ಪಣೆ ಇಲ್ಲದೆ ಬೋಧಿಸಿದ. 1184ರಲ್ಲಿ ಪೋಪ್ ಮೂರನೆಯ ಲೂಸಿಯಸ್ ಅವರನ್ನೆಲ್ಲ ಬಹಿಷ್ಕರಿಸಿದ. ಕಾಲು ಶತಮಾನದ ಬಳಿಕ ಅಸ್ಸಿಸಿಯ ಫ್ರಾನ್ಸಿಸ್, ಮತ್ತಾಯನ ಸುವಾರ್ತೆಯ ಆ ಪಟ್ಟಿಯನ್ನು ಕೇಳಿದ ಗಳಿಗೆಯಲ್ಲೇ ಕಾಲಿನ ಮೆಟ್ಟು ಕಳಚಿ, ಕೋಲು ಎಸೆದು ಹೊರಟ. ಬಡತನವೂ ಬೀದಿಬೋಧನೆಯೂ ವಾಲ್ಡೊನವೇ. ಆದರೆ ಫ್ರಾನ್ಸಿಸ್ ಮೊದಲು ರೋಮಿಗೆ ಹೋಗಿ ಕೇಳಿದ. 1209ರಲ್ಲಿ ಮೂರನೆಯ ಇನ್ನೊಸೆಂಟ್ ಬಾಯಿಮಾತಿನ ಒಪ್ಪಿಗೆ ಕೊಟ್ಟ. ಒಬ್ಬ ಪಾಷಂಡಿ, ಒಬ್ಬ ಸಂತ. ಇಬ್ಬರ ನಡುವಿನ ಅಂತರ ನಡತೆಗಿಂತ ಹೆಚ್ಚಾಗಿ ಅಪ್ಪಣೆಯದು ಎಂದರೆ ತಪ್ಪಾಗದು. 1216ರಲ್ಲಿ ಡೊಮಿನಿಕನ ಪಂಥಕ್ಕೂ ಮಾನ್ಯತೆ ಸಿಕ್ಕಿತು. ಭಿಕ್ಷೆ ಬೇಡಿ ಉಣ್ಣುವ ಈ ಎರಡು ಪಂಥಗಳವರು ಯುರೋಪಿನ ಸಂತೆಚೌಕಗಳನ್ನೆಲ್ಲ ತುಂಬಿಕೊಂಡರು. ಫ್ರಾನ್ಸಿಸ್ ತಾನೇ 1219ರಲ್ಲಿ ಧರ್ಮಯುದ್ಧದ ನಡುವೆ ಈಜಿಪ್ಟಿನ ಸುಲ್ತಾನ ಅಲ್ ಕಾಮಿಲನ ಪಾಳೆಯಕ್ಕೆ ನಡೆದುಹೋಗಿ, ಮಾತಾಡಿ, ಜೀವಸಹಿತ ಹಿಂದಿರುಗಿದ.

ವೆಸ್ಲಿ ಮತ್ತು ಬಯಲುಬೋಧನೆ

ಪ್ರಾಟೆಸ್ಟಂಟ್ ನಾಡುಗಳಲ್ಲಿ ಸಂಚಾರಕ್ಕೆ ಕಟ್ಟುನಿಟ್ಟಿನ ವ್ಯವಸ್ಥೆ ತಂದವನು ಇಂಗ್ಲೆಂಡಿನ ಜಾನ್ ವೆಸ್ಲಿ (1703–1791). ಆಕ್ಸ್‌ಫರ್ಡಿನಲ್ಲಿ ಓದಿದ, ಮಡಿವಂತ ಸ್ವಭಾವದ ಆಂಗ್ಲಿಕನ್ ಪಾದ್ರಿ. ಚರ್ಚಿನ ಗೋಡೆಯ ಹೊರಗೆ ಆತ್ಮೋದ್ಧಾರ ಮಾಡುವುದೇ ಹೆಚ್ಚುಕಡಿಮೆ ಪಾಪವೆಂದು ನಂಬಿದ್ದವನು. ಅವನ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ 1739ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲು ಗಣಿಯವರಿಗೆ ಬಯಲಲ್ಲೇ ಬೋಧಿಸಿ, ವೆಸ್ಲಿಯನ್ನೂ ಕರೆಸಿಕೊಂಡ. ಏಪ್ರಿಲ್ 2ರಂದು ವೆಸ್ಲಿ ನಾಚಿಕೆ ನುಂಗಿಕೊಂಡು ಊರಾಚೆಯ ದಿಬ್ಬದ ಮೇಲೆ ನಿಂತ. ಅಂದು ಮೂರು ಸಾವಿರದಷ್ಟು ಜನ ಸೇರಿದ್ದರೆಂದು ದಿನಚರಿಯಲ್ಲಿ ಬರೆದಿದ್ದಾನೆ.

ಅಲ್ಲಿಂದ ಐವತ್ತು ವರ್ಷ ಅವನು ತಿರುಗಿದ ದೂರ ಎರಡೂವರೆ ಲಕ್ಷ ಮೈಲಿ ಎಂಬ ಅಂದಾಜಿದೆ; ಬಹುಪಾಲು ಕುದುರೆಯ ಮೇಲೆ, ಮುಪ್ಪಿನಲ್ಲಿ ಗಾಡಿಯಲ್ಲಿ. ಲಗಾಮನ್ನು ಕುದುರೆಯ ಕುತ್ತಿಗೆಯ ಮೇಲೆ ಸಡಿಲ ಬಿಟ್ಟು ಪುಸ್ತಕ ಓದುತ್ತ ಸಾಗುತ್ತಿದ್ದ. ಹೀಗೆ ಬಿಟ್ಟ ಕುದುರೆ ಎಡವುವುದು ಕಡಿಮೆ ಎಂದು ಅವನ ವಾದ. ಬೆಳಗಿನ ಐದಕ್ಕೆ, ಜನ ಕೆಲಸಕ್ಕೆ ಹೊರಡುವ ಮೊದಲು, ಮೊದಲ ಪ್ರಸಂಗ. 1742ರಲ್ಲಿ ಹುಟ್ಟೂರು ಎಪ್‌ವರ್ತ್‌ನ ಚರ್ಚಿನಲ್ಲಿ ಬೋಧಿಸಲು ಅಲ್ಲಿನ ಪಾದ್ರಿ ಬಿಡಲಿಲ್ಲ. ವೆಸ್ಲಿ ಸಂಜೆ ಹೊರಗೆ ಬಂದು, ಅದೇ ಚರ್ಚಿನಲ್ಲಿ ಪಾದ್ರಿಯಾಗಿದ್ದ ತನ್ನ ತಂದೆಯ ಗೋರಿಯ ಕಲ್ಲಿನ ಮೇಲೆ ನಿಂತು ಮಾತಾಡಿದ. ತಂದೆಯ ಗೋರಿಯಿಂದ ಮಗನನ್ನು ಕೆಳಗಿಳಿಸುವ ಧೈರ್ಯ ಯಾರಿಗೂ ಬಂದಂತಿಲ್ಲ. ಎಲ್ಲ ಊರುಗಳೂ ಹಾಗಿರಲಿಲ್ಲ; ವೆನ್ಸ್‌ಬರಿಯಲ್ಲಿ 1743ರಲ್ಲಿ ಗುಂಪು ಅವನನ್ನು ಬೀದಿಬೀದಿ ಎಳೆದಾಡಿತು. ಮನೆಯೊಳಗಿನ ಕಥೆಯೂ ಸುಖದ್ದಲ್ಲ. ಮದುವೆಯಾದ ಮೇಲೂ ಸಂಚಾರದಲ್ಲಿ ಒಂದು ಮೈಲಿ ಕಡಿಮೆ ಮಾಡದ ಗಂಡನನ್ನು ಹೆಂಡತಿ ಕೊನೆಗೆ ಬಿಟ್ಟು ಹೋದಳು.

ವೈಟ್‌ಫೀಲ್ಡನ ಬಂಡವಾಳ ಕಂಠ. ಅವನು ಫಿಲಡೆಲ್ಫಿಯದ ಬೀದಿಯಲ್ಲಿ ಬೋಧಿಸುವಾಗ ಬೆಂಜಮಿನ್ ಫ್ರಾಂಕ್ಲಿನ್ ದನಿ ಕೇಳುವಷ್ಟು ದೂರ ಹಿಂದೆ ಹಿಂದೆ ನಡೆದು, ಆ ಅರ್ಧವೃತ್ತದೊಳಗೆ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ನಿಂತು ಕೇಳಬಹುದೆಂದು ಲೆಕ್ಕ ಹಾಕಿದ. ಕಾಣಿಕೆ ಹಾಕುವುದಿಲ್ಲವೆಂದು ಗಟ್ಟಿಮಾಡಿಕೊಂಡು ಬಂದ ಅದೇ ಫ್ರಾಂಕ್ಲಿನ್ ಒಮ್ಮೆ ಜೇಬಿನಲ್ಲಿದ್ದುದನ್ನೆಲ್ಲ ತಟ್ಟೆಗೆ ಸುರಿದುದನ್ನೂ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ವೈಟ್‌ಫೀಲ್ಡ್ ಜನರನ್ನು ಅಳಿಸಿ ಮುಂದಿನ ಊರಿಗೆ ಹೋಗುತ್ತಿದ್ದ. ವೆಸ್ಲಿ ಅತ್ತವರನ್ನೆಲ್ಲ ಸಣ್ಣ ಸಣ್ಣ ಕೂಟಗಳಾಗಿ ಕಟ್ಟಿ, ಕೂಟಗಳನ್ನು ಸೇರಿಸಿ 'ಸರ್ಕ್ಯೂಟ್' ಮಾಡಿ, ಪ್ರತಿ ಸರ್ಕ್ಯೂಟಿಗೆ ಸಂಚಾರಿ ಬೋಧಕರನ್ನು ನೇಮಿಸಿ, ಒಂದೆರಡು ವರ್ಷಕ್ಕೊಮ್ಮೆ ಅವರನ್ನು ಎತ್ತಂಗಡಿ ಮಾಡುತ್ತಿದ್ದ. ಅವನು ಕಟ್ಟಿದ ಮೆಥಡಿಸ್ಟ್ ಪಂಥ ಉಳಿದದ್ದು ಈ ಗುಮಾಸ್ತಗಿರಿಯಿಂದ.

ಅಮೆರಿಕದ ಕುದುರೆ ಬೋಧಕರು

ಆ ವ್ಯವಸ್ಥೆಗೆ ತಕ್ಕ ನೆಲ ಸಿಕ್ಕಿದ್ದು ಅಮೆರಿಕದಲ್ಲಿ. ಬರ್ಮಿಂಗ್‌ಹ್ಯಾಮ್ ಬಳಿಯ ಫ್ರಾನ್ಸಿಸ್ ಆಸ್ಬರಿ 1771ರಲ್ಲಿ, 26ರ ವಯಸ್ಸಿನಲ್ಲಿ, ಅಲ್ಲಿಗೆ ಬಂದ. 1784ರ ಕ್ರಿಸ್‌ಮಸ್ ಹೊತ್ತಿಗೆ ಬಾಲ್ಟಿಮೋರಿನಲ್ಲಿ ಸೇರಿದ ಮೆಥಡಿಸ್ಟರ ಸಮ್ಮೇಳನ ಅವನನ್ನು ಮುಖ್ಯಸ್ಥನಾಗಿ ಆರಿಸಿತು. ಮುಂದೆ ಅವನು ಬಿಷಪ್ ಎನಿಸಿಕೊಂಡ. ಬಿಷಪ್ ಎಂದರೆ ಅರಮನೆ ಎಂದು ತಿಳಿದವರಿಗೆ ಇವನ ಬದುಕು ಅಚ್ಚರಿ. ಮನೆ ಕಟ್ಟಲಿಲ್ಲ, ಮದುವೆಯಾಗಲಿಲ್ಲ, ಅಪಲೇಚಿಯನ್ ಬೆಟ್ಟಸಾಲನ್ನು ಅರವತ್ತರಷ್ಟು ಬಾರಿ ದಾಟಿದ. ಇಂಗ್ಲೆಂಡಿನಿಂದ 'ಬಿಷಪ್ ಆಸ್ಬರಿ, ಅಮೆರಿಕ' ಎಂದಷ್ಟೇ ಬರೆದರೆ ಪತ್ರ ತಲುಪುತ್ತಿತ್ತಂತೆ.

ಅವನ ಕೈಕೆಳಗಿನ ಬೋಧಕನಿಗೆ ವರ್ಷದ ಸಂಬಳ 64 ಡಾಲರ್, 1800ರ ನಂತರ 80. ಅದೂ ಪೂರ್ತಿ ಕೈಸೇರುವ ಭರವಸೆ ಇರಲಿಲ್ಲ. ಒಂದು ಸುತ್ತು ನಾಲ್ಕರಿಂದ ಆರು ವಾರ. ಜೀನಿನ ಎರಡು ಬದಿಗೆ ತೂಗುವ ಚರ್ಮದ ಚೀಲಗಳಲ್ಲಿ ಬೈಬಲ್, ಹಾಡಿನ ಪುಸ್ತಕ, ಪಂಥದ ನಿಯಮಾವಳಿ, ಒಂದು ಜೊತೆ ಬಟ್ಟೆ, ಮಾರಲು ಒಂದಷ್ಟು ಪುಸ್ತಕ. ಕಾಡು ಕಡಿದು ಗುಡಿಸಲು ಹಾಕಿದವರ ಮನೆಯಲ್ಲಿ ಜೋಳದ ರೊಟ್ಟಿ, ನೆಲದ ಮೇಲೆ ಕರಡಿಚರ್ಮದ ಹಾಸಿಗೆ. ಮರುದಿನ ಬೆಳಗ್ಗೆ ಆ ಮನೆಯೇ ಚರ್ಚು. ಬಿರುಗಾಳಿಯ ದಿನ ಹೊರಗೆ ಕಾಗೆಗಳೂ ಮೆಥಡಿಸ್ಟ್ ಬೋಧಕರೂ ಬಿಟ್ಟರೆ ಯಾರಿಲ್ಲ ಎಂಬ ಗಾದೆಯೇ ಹುಟ್ಟಿತು. ಚಳಿಜ್ವರ, ಕ್ಷಯಗಳಿಗೆ ಸಿಕ್ಕಿ ಮೂವತ್ತು ದಾಟದೆ ಸತ್ತವರು ಬಹಳ. ಬದುಕಿ ಉಳಿದವರು ಮದುವೆಯಾಗಿ ಒಂದೆಡೆ ನೆಲೆ ನಿಂತಾಗ, ಒಳ್ಳೆಯ ಬೋಧಕನೊಬ್ಬ ಕೈತಪ್ಪಿದನೆಂದು ಆಸ್ಬರಿ ಹಲುಬುತ್ತಿದ್ದ. 1816ರ ಮಾರ್ಚ್‌ನಲ್ಲಿ ರಿಚ್ಮಂಡಿನಲ್ಲಿ ನಡೆಯಲಾರದ ಮುದುಕನನ್ನು ಎತ್ತಿ ತಂದು ಮೇಜಿನ ಮೇಲೆ ಕೂರಿಸಿದರು. ಅಲ್ಲಿಂದಲೇ ಕೊನೆಯ ಪ್ರಸಂಗ ಮಾಡಿ ಒಂದು ವಾರಕ್ಕೆ, ದಾರಿಯಲ್ಲಿ ಮತ್ತೊಬ್ಬರ ಮನೆಯಲ್ಲಿ, ತೀರಿಕೊಂಡ. ಅವನು ಬಂದಾಗ ಕೆಲವು ನೂರರಷ್ಟಿದ್ದ ಪಂಥದ ಸದಸ್ಯರು ಆಗ ಎರಡು ಲಕ್ಷ ದಾಟಿದ್ದರು.

ಆಸ್ಬರಿಯ ಜೊತೆ ತಿರುಗಿದ ಹ್ಯಾರಿ ಹೋಸಿಯರ್ ಗುಲಾಮನಾಗಿ ಹುಟ್ಟಿದ ಕಪ್ಪು ಮನುಷ್ಯ. ಓದು ಬಾರದು, ಕೇಳಿದ ಬೈಬಲ್ ಭಾಗಗಳನ್ನು ಬಾಯಿಪಾಠ ಮಾಡಿಕೊಂಡು ಬೋಧಿಸುತ್ತಿದ್ದ. ಬಿಷಪ್ಪನ ಮಾತು ಕೇಳಲು ಬಂದ ಬಿಳಿಯರೂ ಅವನ ಮಾತಿಗೆ ಕಾದು ನಿಲ್ಲುತ್ತಿದ್ದರು. ಜರೀನ ಲೀ ಎಂಬಾಕೆಗೆ ಬೋಧನೆಯ ಅಪ್ಪಣೆ ಮೊದಲು ಸಿಗಲಿಲ್ಲ, ಹೆಂಗಸಿಗೆ ಅದಕ್ಕೆ ನಿಯಮವಿಲ್ಲ ಎಂಬ ಉತ್ತರ ಬಂತು. ವರ್ಷಗಳ ಮೇಲೆ, 1819ರಲ್ಲಿ, ಪ್ರಸಂಗ ಮಾಡುತ್ತಿದ್ದ ಪಾದ್ರಿ ಮಾತು ತಡವರಿಸಿದಾಗ ಕೂತಲ್ಲಿಂದ ಎದ್ದು ಅದೇ ವಾಕ್ಯ ಹಿಡಿದು ಆಕೆ ಮುಂದುವರಿಸಿದಳು. ಆಫ್ರಿಕನ್ ಮೆಥಡಿಸ್ಟ್ ಸಭೆಯ ಬಿಷಪ್ ರಿಚರ್ಡ್ ಆ್ಯಲನ್ ಅಲ್ಲೇ ಒಪ್ಪಿಗೆ ಕೊಟ್ಟ. 1827ರ ಒಂದೇ ವರ್ಷದಲ್ಲಿ 2,325 ಮೈಲಿ ತಿರುಗಿ 178 ಪ್ರಸಂಗ ಮಾಡಿದ ಲೆಕ್ಕ ಆಕೆಯ ಆತ್ಮಕಥೆಯಲ್ಲಿದೆ. ಇನ್ನೊಬ್ಬ ಕುದುರೆ ಬೋಧಕ ಪೀಟರ್ ಕಾರ್ಟ್‌ರೈಟ್ 1846ರಲ್ಲಿ ಅಮೆರಿಕದ ಸಂಸತ್ತಿಗೆ ಸ್ಪರ್ಧಿಸಿ ಅಬ್ರಹಾಂ ಲಿಂಕನ್ನನೆದುರು ಸೋತ.

ಭಾರತದಲ್ಲಿ

1542ರಲ್ಲಿ ಗೋವೆಗೆ ಬಂದಿಳಿದ ಫ್ರಾನ್ಸಿಸ್ ಕ್ಸೇವಿಯರ್ ಕೈಗಂಟೆ ಬಾರಿಸುತ್ತ ಬೀದಿಯಲ್ಲಿ ನಡೆದು ಮಕ್ಕಳನ್ನು ಕೂಡಿಸುತ್ತಿದ್ದ. ತಮಿಳು ಕರಾವಳಿಯ ಮೀನುಗಾರ ಪರವರ ನಡುವೆ ಪ್ರಾರ್ಥನೆಗಳನ್ನು ತಮಿಳಿಗೆ ಮಾಡಿಸಿ, ತಾನೂ ಬಾಯಿಪಾಠ ಮಾಡಿ ಹೇಳಿಕೊಟ್ಟ. ಮಲಕ್ಕ, ಜಪಾನ್ ಸುತ್ತಿ 1552ರಲ್ಲಿ ಚೀನದ ಬಾಗಿಲಿನ ದ್ವೀಪದಲ್ಲಿ ಸತ್ತ. ಅವನು ವೇಗದ ಮನುಷ್ಯ. ಭಾಷೆ ಕಲಿಯುವಷ್ಟು ಕಾಲ ಎಲ್ಲಿಯೂ ನಿಲ್ಲಲಿಲ್ಲ.

ನಿಂತು ಕಲಿತವರು ಆಮೇಲೆ ಬಂದರು. 1606ರಲ್ಲಿ ಮದುರೈ ಸೇರಿದ ರಾಬರ್ಟೊ ದ ನೊಬಿಲಿ ಕಾವಿ ಉಟ್ಟು, ಮಾಂಸ ಬಿಟ್ಟು, ಸಂಸ್ಕೃತ ತಮಿಳುಗಳನ್ನು ಕಲಿತ. 17ನೇ ಶತಮಾನದ ನಡುವೆ ಲಿಯೊನಾರ್ಡೊ ಚಿನ್ನಾಮಿ ಅದೇ ರೀತಿಯನ್ನು ಮೈಸೂರು ಸೀಮೆಗೆ ತಂದು ಕನ್ನಡದಲ್ಲಿ ಬರೆಯತೊಡಗಿದ. ಈ ಸಾಲಿನ ಕೊನೆಯ ದೊಡ್ಡ ಹೆಸರು ಅಬ್ಬೆ ದ್ಯುಬುವಾ. 1792ರಲ್ಲಿ ಭಾರತಕ್ಕೆ ಬಂದು, ಟಿಪ್ಪುವಿನ ಪತನದ ಬಳಿಕ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಕೂಡಿಸಲು ಹಳ್ಳಿಹಳ್ಳಿ ತಿರುಗಿದ ಫ್ರೆಂಚ್ ಪಾದ್ರಿ. ರುಮಾಲು, ನಿಲುವಂಗಿ, ಸಸ್ಯಾಹಾರ. ಜನ ಅವನನ್ನು 'ದೊಡ್ಡಸ್ವಾಮಿಯವರು' ಎನ್ನುತ್ತಿದ್ದರು. ಸಿಡುಬಿನ ವಿರುದ್ಧ ದಾಕು ಹಾಕಿಸುವುದಕ್ಕೂ ಓಡಾಡಿದ. ಹಿಂದೂಗಳ ಆಚಾರ ವಿಚಾರಗಳ ಮೇಲಿನ ಅವನ ಬರಹವನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು. ಅದರ ದೊಡ್ಡ ಪಾಲು ಕೂರ್ದೂ ಎಂಬ ಹಿಂದಿನ ಜೆಸ್ಯುಯಿಟ್ ಪಾದ್ರಿಯ ಹಸ್ತಪ್ರತಿಯಿಂದ ಬಂದದ್ದೆಂದು ಆಮೇಲಿನ ಸಂಶೋಧನೆ ತೋರಿಸಿಕೊಟ್ಟಿದೆ. ಮೂವತ್ತು ವರ್ಷ ಸುತ್ತಿದ ಈತ 1823ರಲ್ಲಿ ಹಿಂದಿರುಗಿ, ಹಿಂದೂಗಳನ್ನು ಕ್ರೈಸ್ತರಾಗಿಸುವುದು ಆಗದ ಕೆಲಸ ಎಂದು ಪುಸ್ತಕವನ್ನೇ ಬರೆದ. ಪ್ರಾಟೆಸ್ಟಂಟರು ಕೆರಳಿದರು. ಅವರಿಗೆ ಆಗಷ್ಟೇ ದಾರಿ ತೆರೆದಿತ್ತು.

ಜಾತ್ರೆ, ಡೇರೆ, ಮಳೆಗಾಲ

1833ರ ಚಾರ್ಟರ್ ಕಾಯಿದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಅವಕಾಶ ಕೊಟ್ಟಿತು. ಮರುವರ್ಷ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರು ಸೇರಿದರು. ಅವರ ಸಂಚಾರದ ಪಂಚಾಂಗವನ್ನು ಬರೆದದ್ದು ಮುಂಗಾರು. ಜೂನಿನಿಂದ ನಾಲ್ಕು ತಿಂಗಳು ಹೊಳೆ ದಾಟುವಂತಿಲ್ಲ, ಮನೆಯಲ್ಲಿ ಕೂತು ಮುನ್ಷಿಯಿಂದ ಕನ್ನಡ, ತುಳು ಕಲಿಯಬೇಕು. ಮಳೆ ಹಿಂದೆ ಸರಿದ ಮೇಲೆ ಎತ್ತಿನ ಗಾಡಿಯಲ್ಲಿ ಡೇರೆ ಹೇರಿಕೊಂಡು ಸಂತೆ, ಜಾತ್ರೆಗಳಿಗೆ ಹೊರಡಬೇಕು. ಮರದಡಿಯೋ ಚಾವಡಿಯೋ ನೋಡಿ ನಿಂತು ಹಾಡುವುದು, ಓದುವುದು, ಪುಸ್ತಿಕೆ ಹಂಚುವುದು. ಆಮೇಲೆ ಊರವರ ಸರದಿ: ನಿಮ್ಮ ದೇವರು ಮಾಂಸ ತಿನ್ನುವವರಿಗೆ ಯಾಕೆ ಒಲಿದ? ನೀವು ಯಾವ ಜಾತಿ?

ಸಾಮ್ಯುಯೆಲ್ ಹೆಬಿಕ್ ಜಾತ್ರೆಯ ಮನುಷ್ಯ. ಎದೆ ಮುಚ್ಚುವ ಗಡ್ಡ, ದೊಡ್ಡ ಗಂಟಲು. ದೇಶಭಾಷೆ ಯಾವುದೂ ಸರಿಯಾಗಿ ಹತ್ತದೆ ದುಭಾಷಿಯನ್ನೇ ನೆಚ್ಚಿದ್ದ. ವಿಗ್ರಹಗಳನ್ನು ಹಳಿದು ಮಣ್ಣು, ಸೆಗಣಿ ಎರಚಿಸಿಕೊಂಡದ್ದೂ ಉಂಟು. ಭಕ್ತರ ಹಬ್ಬದ ನಡುವೆ ನಿಂತು ಅವರ ದೇವರನ್ನು ಬೈದವನಿಗೆ ಬೇರೆ ಸ್ವಾಗತ ಸಿಗುವಂತಿರಲಿಲ್ಲ. ಅವನ ಮಾತು ಹೆಚ್ಚು ನಾಟಿದ್ದು ಕಣ್ಣೂರಿನ ದಂಡಿನ ಇಂಗ್ಲಿಷ್ ಅಧಿಕಾರಿಗಳಿಗೆ. ಅಲ್ಲಿನ ಒಂದು ಪಲ್ಟನ್ನಿಗೆ 'ಹೆಬಿಕ್‌ನ ಪಲ್ಟನ್' ಎಂಬ ಅಡ್ಡಹೆಸರೇ ಬಿತ್ತು.

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್‌ನ ದಾರಿ ಬೇರೆ. ಅವನು ಮಾತಿಗಿಂತ ಹೆಚ್ಚು ಕಿವಿಯನ್ನು ಬಳಸಿದ. ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಕನ್ನಡದ ಮೊದಲ ಪತ್ರಿಕೆ. ಇದೇ ಮಿಷನ್ನಿನಿಂದ 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್‌ನ ನಿಘಂಟು 1894ರಲ್ಲಿ ಹೊರಬಂತು. ಬೋಧನೆಗೆಂದು ಹೊರಟವರು ಬೋಧನೆಯಲ್ಲಿ ಗಳಿಸಿದ್ದು ಅಷ್ಟಕ್ಕಷ್ಟೇ. ದಾರಿಯಲ್ಲಿ ಕೇಳಿಸಿಕೊಂಡ ಭಾಷೆಯೇ ಅವರಿಂದ ಕನ್ನಡಕ್ಕೆ ಉಳಿದ ದೊಡ್ಡ ಗಳಿಕೆ. ವೆಸ್ಲಿಯ ಪಂಥವೂ 1820ರ ದಶಕದಿಂದ ಮೈಸೂರು ಸೀಮೆಯಲ್ಲಿ ಇತ್ತು. ಗುಬ್ಬಿಯಲ್ಲಿದ್ದು ಸುತ್ತಣ ಹಳ್ಳಿ ಸುತ್ತಿದ ವಿಲಿಯಂ ಆರ್ಥರ್ ಕಣ್ಣು ಕೆಟ್ಟು ಊರಿಗೆ ಮರಳಿ, 1847ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಬರೆದ. ಮೈಸೂರಿನ ವೆಸ್ಲಿಯನ್ ಮಿಷನ್ 1887ರಲ್ಲಿ 'ವೃತ್ತಾಂತ ಪತ್ರಿಕೆ' ಶುರುಮಾಡಿತು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ಅರ್ಧ ಶತಮಾನ ದುಡಿದ. ಅವನ ಮಗನೂ ಊರೂರು ಸುತ್ತಿದ, ಶಾಸನ ಹುಡುಕಿಕೊಂಡು: ಬಿ.ಎಲ್. ರೈಸ್.

ಬಿಳಿಯ ದೊರೆಗಳ ಹೆಸರೇ ಇಲ್ಲಿ ಸಾಲುಗಟ್ಟಿರುವುದಕ್ಕೆ ಕಾರಣ ಅವರು ಸಮಿತಿಗೆ ಬರೆದ ಆ ವರದಿಗಳೇ. ನಡೆದ ಹಾದಿಯ ಹೆಚ್ಚು ಪಾಲು ಈ ನೆಲದವರೇ ಆದ ಉಪದೇಶಿಗಳದು. ಮಿಷನರಿ ಒಂದು ದಿನ ಬಂದು ಹೋಗುವ ಹಳ್ಳಿಗೆ ಉಪದೇಶಿ ಮತ್ತೆ ಮತ್ತೆ ಹೋಗುತ್ತಿದ್ದ, ಬೈಯಿಸಿಕೊಳ್ಳುವವನೂ ಅವನೇ. ಗಂಡಸರು ಕಾಲಿಡದ ಒಳಮನೆಗಳಿಗೆ 'ಬೈಬಲ್ ವುಮೆನ್' ಎನಿಸಿಕೊಂಡ ಹೆಂಗಸರು ಹೋಗಿ ಓದಿ ಹೇಳುತ್ತಿದ್ದರು. ವರದಿಗಳಲ್ಲಿ ಇವರೆಲ್ಲ ಬಹಳ ಸಲ 'ನಮ್ಮ ಉಪದೇಶಿ' ಅಷ್ಟೆ, ಹೆಸರಿಲ್ಲ. ಹೆಸರು ಉಳಿಸಿಕೊಂಡವರಲ್ಲಿ ಆನಂದರಾವ್ ಕೌಂಡಿನ್ಯ ಮುಖ್ಯ. ಮಂಗಳೂರಿನ ಈ ಸಾರಸ್ವತ ಯುವಕ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಗದ್ದಲವೆದ್ದಿತ್ತು. ಬಾಸೆಲ್ಲಿನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದ.

20ನೇ ಶತಮಾನ

ಪಂಜಾಬಿನ ಸಿಖ್ ಜಮೀನ್ದಾರ ಮನೆತನದ ಸಾಧು ಸುಂದರ್ ಸಿಂಗ್ (ಜನನ 1889) ಮಿಷನ್ನಿನ ಸಂಬಳ, ಸಮಿತಿ, ವರದಿ ಮೂರನ್ನೂ ಬಿಟ್ಟು, ಕಾವಿ ತೊಟ್ಟು ಬರಿಗಾಲಲ್ಲಿ ಹೊರಟ. ಹಿಮಾಲಯದ ಊರುಗಳು, ಟಿಬೆಟ್, ಆಮೇಲೆ ಯುರೋಪು, ಅಮೆರಿಕ. ಅವನು ಹೇಳಿದ ಪವಾಡಗಳನ್ನು ನಂಬಿದವರಷ್ಟೇ ಜನ ಶಂಕಿಸಿದರು. 1929ರ ಏಪ್ರಿಲ್‌ನಲ್ಲಿ ಟಿಬೆಟ್ಟಿನತ್ತ ಹೊರಟವನು ಮತ್ತೆ ಕಾಣಲಿಲ್ಲ.

ರೈಲು, ಮೋಟಾರು, ರೇಡಿಯೊ ಬಂದ ಮೇಲೆ ಹಳೆಯ ಸಂಚಾರ ಸಹಜವಾಗಿಯೇ ಸೊರಗಿತು. ಸ್ವತಂತ್ರ ಭಾರತದ ಸಂವಿಧಾನ 25ನೇ ವಿಧಿಯಲ್ಲಿ ಧರ್ಮಪ್ರಚಾರದ ಹಕ್ಕು ಕೊಟ್ಟಿತು. ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಆ ಗೆರೆ ಎಲ್ಲಿ ಎಳೆಯಬೇಕೆಂಬ ಜಗಳ ಮುಗಿದಿಲ್ಲ.

ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದವು. ಬೀದರ್ ಮೊದಲಾದೆಡೆ ಬೇರೂರಿದ್ದು ಅಮೆರಿಕದ ಕಡೆಯಿಂದ ಬಂದ, ಆಸ್ಬರಿಯ ಸಾಲಿನ ಮೆಥಡಿಸ್ಟ್ ಸಭೆ. ಅಲ್ಲಿನ ಪಾಲಕರು ಕುದುರೆ ಏರುವುದಿಲ್ಲ, ಆದರೆ ಸಮ್ಮೇಳನದಲ್ಲಿ ಬಿಷಪ್ ಓದುವ ನೇಮಕಾತಿ ಪಟ್ಟಿಯಲ್ಲಿ ಯಾವ ಊರು ಬರುತ್ತದೋ ಆ ಊರಿಗೆ ಇಂದಿಗೂ ಗಂಟುಮೂಟೆ ಕಟ್ಟುತ್ತಾರೆ.